ಮೂರು ಥರ್ಮಾಮೀಟರ್, ಮೂರು ಅಂಕೆ: ಅರೋರಾದ ಒಂದು ಪೆಲೆಟ್ ಸ್ಮೋಕರ್ ಪ್ರಕರಣ

ಕಂಟ್ರೋಲರಿನ ಪರದೆಯಲ್ಲಿ 225. ಮುಚ್ಚಳದ ಮೇಲಿನ ಮುಳ್ಳಿನ ಥರ್ಮಾಮೀಟರಿನಲ್ಲಿ 250. ಜಾಲರಿಯ ನಡುವೆ ಕ್ಲಿಪ್ ಹಾಕಿ ಕೂರಿಸಿದ ಹೊಸ ಡಿಜಿಟಲ್ ಥರ್ಮಾಮೀಟರಿನಲ್ಲಿ 213. ಒಂದೇ ಪೆಟ್ಟಿಗೆ, ಒಂದೇ ಬೆಂಕಿ, ಒಂದೇ ಗಳಿಗೆ. ಅಂಕೆಗಳೆಲ್ಲ ಫ್ಯಾರನ್‌ಹೀಟ್‌ನವು, ಅಮೆರಿಕದ ಅಡುಗೆಯವರು ಬೇರೆ ಅಳತೆಯಲ್ಲಿ ಮಾತಾಡುವುದಿಲ್ಲವಾದ್ದರಿಂದ ಈ ಬರಹದಲ್ಲೂ ಅದನ್ನೇ ಉಳಿಸಿಕೊಂಡಿದ್ದೇನೆ. 225 ಎಂದರೆ ಸೆಲ್ಸಿಯಸ್ ಲೆಕ್ಕದಲ್ಲಿ 107.

ಮರದ ಗುಳಿಗೆ ಉರಿಸಿ ಹೊಗೆಯಲ್ಲಿ ನಿಧಾನವಾಗಿ ಮಾಂಸ ಬೇಯಿಸುವ ಈ ಪೆಟ್ಟಿಗೆ, ಅಂದರೆ ಸ್ಮೋಕರ್, ನನ್ನ ಗೆಳೆಯನದು; ಅದರ ಬೆಂಕಿಯನ್ನು ಹೆಚ್ಚುಕಡಿಮೆ ಮಾಡುವುದು ಕಂಟ್ರೋಲರ್. ಅವನು ಮಡಿಕೇರಿಯವನು, ಈಗ ಕೊಲರಾಡೋದ ಡೆನ್ವರ್ ನಗರಕ್ಕೆ ಪೂರ್ವದಲ್ಲಿ ಅಂಟಿಕೊಂಡಿರುವ ಅರೋರಾದ ನಿವಾಸಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿದ ಮಾಂಸದ ರುಚಿ ಬಲ್ಲ ಮನೆಯಿಂದ ಬಂದವನಿಗೆ ಈ ಯಂತ್ರದ ಮೇಲೆ ಮನಸ್ಸಾದದ್ದು ಆಶ್ಚರ್ಯವಲ್ಲ. ಊರು ಬಿಟ್ಟು ಹೋಗುತ್ತಿದ್ದ ಯಾರೋ ಒಬ್ಬರಿಂದ ಅಗ್ಗಕ್ಕೆ ಕೊಂಡಿದ್ದ. ಅವನ ದೂರುಗಳು ಎರಡು: ಹಂದಿಯ ಭುಜದ ಮಾಂಸ ಪಾಕವಿಧಾನ ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಕೋಳಿ ಕಾಲುಗಳನ್ನು ಸಾಲಾಗಿ ಇಟ್ಟರೆ ಎಡತುದಿಯವು ಬೆಂದಾಗ ಬಲತುದಿಯವು ಇನ್ನೂ ಹಸಿ. ಕಂಟ್ರೋಲರ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದಕ್ಕೆ ಹಣ ಕಟ್ಟುವ ಹಂತಕ್ಕೆ ಬಂದಿದ್ದ. ಕಾರ್ಖಾನೆಗಳ ಮಾಪನ ಉಪಕರಣಗಳೇ ನನ್ನ ಕಸುಬಾದ್ದರಿಂದ ಕೊಳ್ಳುವ ಮೊದಲು ಒಮ್ಮೆ ನೋಡು ಎಂದು ಕರೆದ. "ಈ ಮೂರರಲ್ಲಿ ಯಾವುದನ್ನು ನಂಬಲಿ, ಹೇಳು" ಎಂಬುದು ಅವನ ಪ್ರಶ್ನೆ.

ಆ ಪ್ರಶ್ನೆಯನ್ನು ಅಲ್ಲಿಗೇ ತಡೆದೆ. ಮೂರು ಉಪಕರಣಗಳು ಮೂರು ಬೇರೆ ಜಾಗಗಳಲ್ಲಿ ಕೂತಿವೆ. ಮೂರೂ ಸರಿಯಾಗಿದ್ದರೂ ಅಂಕೆಗಳು ಬೇರೆಯಾಗಬಹುದು, ಮೂರೂ ತಪ್ಪಾಗಿರಲೂಬಹುದು. ಮೊದಲು ಗೊತ್ತಾಗಬೇಕಾದದ್ದು, ಯಾವುದು ಎಲ್ಲಿಯದನ್ನು ಅಳೆಯುತ್ತಿದೆ ಮತ್ತು ಅದನ್ನು ಯಾವುದರೊಂದಿಗೆ ಹೋಲಿಸಿ ತಪ್ಪು ಎನ್ನುತ್ತಿದ್ದೇವೆ ಎಂಬುದು.

ಯಂತ್ರದ ಒಳಗೆ

ಪೆಲೆಟ್ ಸ್ಮೋಕರನ್ನು ಆರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನ ಜೋ ಟ್ರೇಗರ್ 1980ರ ದಶಕದಲ್ಲಿ ರೂಪಿಸಿ, 1986ರಲ್ಲಿ ಪೇಟೆಂಟ್ ಪಡೆದರು. 2006ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆ ಹಲವು ಕಂಪನಿಗಳು ಇದರ ತಯಾರಿಕೆಗೆ ಇಳಿದವು. ಗಟ್ಟಿಮರದ ಹೊಟ್ಟನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆಗಳೇ ಪೆಲೆಟ್. ಪಕ್ಕದ ಡಬ್ಬಿಯಿಂದ ಒಂದು ತಿರುಪು ಅವನ್ನು ಸ್ವಲ್ಪಸ್ವಲ್ಪವಾಗಿ ತಳ್ಳಿ ಬೆಂಕಿಯ ಬಟ್ಟಲಿಗೆ ಬೀಳಿಸುತ್ತದೆ. ಫ್ಯಾನ್ ಗಾಳಿ ಊದುತ್ತದೆ. ಬಟ್ಟಲಿನ ಮೇಲೆ ಕೂರಿಸಿದ ದಪ್ಪ ತಗಡು ಜ್ವಾಲೆಯನ್ನು ತಡೆದು ಬಿಸಿಯನ್ನು ಎರಡೂ ಬದಿಗೆ ಹರಡುತ್ತದೆ. ಅದರ ಮೇಲೆ ಜಿಡ್ಡು ಹರಿಯುವ ತಟ್ಟೆ, ಆಮೇಲೆ ಜಾಲರಿ.

ಒಳಗೋಡೆಯಿಂದ ಪೆನ್ಸಿಲಿಗಿಂತ ತೆಳುವಾದ ಒಂದು ಉಕ್ಕಿನ ಕಡ್ಡಿ ಚಾಚಿಕೊಂಡಿರುತ್ತದೆ. ಅದೇ ಸೆನ್ಸರ್. ಗೆಳೆಯನ ಯಂತ್ರದಲ್ಲಿ ಅದು ಎಡಗೋಡೆಯಲ್ಲಿ, ಜಾಲರಿಗಿಂತ ತುಸು ಮೇಲಿತ್ತು. ಕಂಟ್ರೋಲರಿಗೆ ಇಡೀ ಪೆಟ್ಟಿಗೆಯ ಸುದ್ದಿ ತಲುಪುವುದು ಆ ಕಡ್ಡಿಯ ತುದಿಯ ಮೂಲಕ ಮಾತ್ರ. ತುದಿ ಬಿಸಿಯಾಗಿದೆ ಎಂದರೆ ಪೆಲೆಟ್ ಕಡಿಮೆ, ತಣ್ಣಗಾಗಿದೆ ಎಂದರೆ ಹೆಚ್ಚು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕರು ಕಟ್ಟಲು ಹೊರಡುವ ಜಾತಿ ಅದು. ಹಾಗಾಗಿ ಸೆನ್ಸರ್ ಹತ್ತು ಡಿಗ್ರಿ ಹೆಚ್ಚು ಹೇಳಿದರೆ ಪರದೆಯ ಮೇಲೆ ಯಾವ ತಪ್ಪೂ ಕಾಣುವುದಿಲ್ಲ; ಪರದೆ 225 ಎಂದೇ ತೋರಿಸುತ್ತದೆ, ಪೆಟ್ಟಿಗೆ ಹತ್ತು ಡಿಗ್ರಿ ತಣ್ಣಗಿರುತ್ತದೆ.

ಟಿಪ್ಪಣಿ ಪುಸ್ತಕದ 207

ಗೆಳೆಯನದು ತಂತ್ರಾಂಶ ಪರೀಕ್ಷಿಸುವ ಕೆಲಸ. ಅಡುಗೆಗೂ ಟಿಪ್ಪಣಿ ಪುಸ್ತಕ ಇಟ್ಟಿದ್ದ. ಅದನ್ನು ತಿರುವಿದಾಗ ಕಣ್ಣಿಗೆ ಬಿದ್ದದ್ದು ಹಂದಿ ಮಾಂಸದ ಒಂದು ಸಾಲು: ಒಳಗಿನ ಉಷ್ಣತೆ 207, ಆದರೂ ಎಳೆಎಳೆಯಾಗಿ ಬಿಡಲಿಲ್ಲ. ಅಮೆರಿಕದ ಪಾಕವಿಧಾನಗಳು ಭುಜದ ಮಾಂಸವನ್ನು ಒಳಗಿನ ಉಷ್ಣತೆ 203 ಆದಾಗ ಬೆಂಕಿಯಿಂದ ಇಳಿಸಲು ಹೇಳುತ್ತವೆ. ಅಷ್ಟರಲ್ಲಿ ಅದರೊಳಗಿನ ಕೊಲಾಜೆನ್ ಎಂಬ ಗಟ್ಟಿ ನಾರು ಕರಗಿ ಫೋರ್ಕಿಗೆ ಬಿಡಬೇಕು. ಅವನ ಹೆಂಡತಿಯೂ ಅದನ್ನೇ ಹೇಳಿದರು: "ನೀವೇ ನೋಡಿ ಅಣ್ಣಾ, ಯಂತ್ರ ಆಯಿತು ಎನ್ನುತ್ತದೆ, ಮಾಂಸ ಇನ್ನೂ ಇಲ್ಲ ಎನ್ನುತ್ತದೆ."

ಈ ಮಾತಿನಲ್ಲಿ ಮಾಂಸದ ಪಕ್ಷ ವಹಿಸುವುದಕ್ಕೆ ಒಂದು ಗಟ್ಟಿ ಕಾರಣವಿತ್ತು. ಅರೋರಾ ಸಮುದ್ರಮಟ್ಟದಿಂದ ಸುಮಾರು 1,650 ಮೀಟರ್ ಎತ್ತರದಲ್ಲಿದೆ. ಪಕ್ಕದ ಡೆನ್ವರಿನ ಶಾಸನಭವನದ ಮೆಟ್ಟಿಲ ಮೇಲೆ 'ಸಮುದ್ರಮಟ್ಟದಿಂದ ಒಂದು ಮೈಲಿ' ಎಂಬ ಗುರುತನ್ನೇ ಹಾಕಿದ್ದಾರೆ. ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರಿನಲ್ಲಿ 97, ಮಡಿಕೇರಿಯಲ್ಲಿ 96, ಅರೋರಾದಲ್ಲಿ 94ರಿಂದ 95ರ ನಡುವೆ. ಫ್ಯಾರನ್‌ಹೀಟಿನಲ್ಲಿ ಅದು 202. ಮಾಂಸದ ಒಳಗೆ ಇರುವುದು ಮುಖ್ಯವಾಗಿ ನೀರು. ರಸ ಇನ್ನೂ ತುಂಬಿರುವ ಮಾಂಸದ ನಡುಭಾಗ ಆ ಊರಿನಲ್ಲಿ 202 ದಾಟಿ 207 ಮುಟ್ಟುವುದು ಆಗದ ಮಾತು. ಅಂದರೆ ಅವನು ಅತ್ಯಂತ ನೆಚ್ಚಿಕೊಂಡಿದ್ದ ಹೊಸ ಥರ್ಮಾಮೀಟರೇ ಹೆಚ್ಚು ತೋರಿಸುತ್ತಿತ್ತು.

ಕಾರಣ ಕೇಳಿದಾಗ ಹೊರಬಿತ್ತು. ಕೊಂಡ ದಿನವೇ ಅದನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿದ್ದ. 202 ತೋರಿಸಿತ್ತು. ನೀರು 212ಕ್ಕೆ, ಅಂದರೆ 100 ಸೆಲ್ಸಿಯಸ್‌ಗೆ, ಕುದಿಯುತ್ತದೆ ಎಂದು ಶಾಲೆಯಿಂದ ಎಲ್ಲರಿಗೂ ಬಾಯಿಪಾಠ. ಹತ್ತು ಡಿಗ್ರಿ ಕಡಿಮೆ ಎಂದುಕೊಂಡು, ಅದರ ಮೆನುವಿನಲ್ಲಿ ಎರಡೂ ಪ್ರೋಬ್‌ಗಳಿಗೆ, ಅಂದರೆ ಜಾಲರಿಗೆ ಕೂರಿಸುವ ಮತ್ತು ಮಾಂಸಕ್ಕೆ ಚುಚ್ಚುವ ಅಳತೆಯ ಕಡ್ಡಿಗಳಿಗೆ, ಹತ್ತು ಡಿಗ್ರಿ ಸೇರಿಸಿದ್ದ. ಸರಿಯಾಗಿದ್ದ ಉಪಕರಣವನ್ನು ಬಹಳ ಶ್ರದ್ಧೆಯಿಂದ ಕೆಡಿಸಿದ ಹಾಗಾಗಿತ್ತು. ಆ ತಿದ್ದುಪಡಿ ತೆಗೆದು, ದೊಡ್ಡ ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಸಂದಿಗಳು ತುಂಬುವಷ್ಟು ಮಾತ್ರ ನೀರು ಸುರಿದು, ಕಲಕಿ, ತುದಿ ಗಾಜಿಗೆ ತಾಗದಂತೆ ಪ್ರೋಬ್ ಇಳಿಸಿದೆವು. 32ರಲ್ಲಿ, ಅಂದರೆ 0 ಸೆಲ್ಸಿಯಸ್‌ನಲ್ಲಿ, ನಿಂತಿತು. ಮಂಜುಗಡ್ಡೆಯ ಪರೀಕ್ಷೆಗೆ ಊರಿನ ಎತ್ತರದ ತಂಟೆಯಿಲ್ಲ. ಥರ್ಮಾಮೀಟರ್ ಪರೀಕ್ಷಿಸುವವರು ಅದರಿಂದಲೇ ಶುರುಮಾಡುವುದು ಒಳ್ಳೆಯದು. ಕುದಿನೀರಿನಲ್ಲಿ ನೋಡುವುದಾದರೆ ತಮ್ಮ ಊರಿನ ಅಂಕೆ ತಿಳಿದುಕೊಂಡು ನೋಡಬೇಕು.

ಇದರಿಂದ ಎರಡು ಸಂಗತಿ ತಿಳಿದವು. ಮೊದಲನೆಯದು ಮುಜುಗರದ್ದು: ಕೋಳಿಗೆ ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಉಷ್ಣತೆ 165, ಅಂದರೆ 74 ಸೆಲ್ಸಿಯಸ್. ಪ್ರೋಬ್ 165 ತೋರಿಸಿದಾಗ ಇಳಿಸಿದ್ದ ಕೋಳಿಯ ನಿಜವಾದ ಉಷ್ಣತೆ 155. ಯಾರಿಗೂ ಹೊಟ್ಟೆ ಕೆಡದಿದ್ದುದಕ್ಕೆ ಕಾರಣವಿದೆ: 155ರಲ್ಲಿಯೂ ಮಾಂಸ ಒಂದಿಷ್ಟು ಹೊತ್ತು ನಿಂತರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುತ್ತದೆ, ಮತ್ತು ಸ್ಮೋಕರಿನಲ್ಲಿ ಉಷ್ಣತೆ ಏರುವುದು ನಿಧಾನ. ಆದರೆ ಅದನ್ನು ಲೆಕ್ಕ ಹಾಕಿ ಮಾಡಿದವರು ಅಲ್ಲಿ ಯಾರೂ ಇರಲಿಲ್ಲ. ಎರಡನೆಯದು: ಜಾಲರಿಯ ನಡುವೆ ತೋರುತ್ತಿದ್ದ 213 ನಿಜದಲ್ಲಿ 203. ಯಂತ್ರ 12 ಡಿಗ್ರಿ ಹಿಂದಿದೆ ಎಂದು ಅವನು ಅಂದುಕೊಂಡಿದ್ದ, ಹಿಂದಿದ್ದದ್ದು 22. ಹೋಲಿಸಲು ಹಿಡಿದ ಅಳತೆಗೋಲಿನ ತಪ್ಪು ಯಂತ್ರದ ತಪ್ಪಿನ ಅರ್ಧವನ್ನು ಮುಚ್ಚಿಹಾಕಿತ್ತು.

ಮುಚ್ಚಳದ ಮುಳ್ಳಿನದು ಒಂದು ನಿಮಿಷದ ಕೆಲಸ. ಬಿಚ್ಚಿ ಅದರ ಕಾಂಡವನ್ನು ಕುದಿನೀರಿನಲ್ಲಿ ಹಿಡಿದರೆ 202ರ ಬದಲು 235 ತೋರಿಸಿತು. ಎರಡು ಲೋಹದ ಸುರುಳಿಯಿಂದ ತಿರುಗುವ ಇಂಥ ಮುಳ್ಳುಗಳು ಅಲಂಕಾರಕ್ಕೆ ಹತ್ತಿರ. ಹಿಂದೆ ಇರುವ ನಟ್ಟನ್ನು ತಿರುಗಿಸಿ ಸರಿಪಡಿಸಬಹುದು, ಆದರೆ ಆಗಲೂ ಅದು ಅಳೆಯುವುದು ಮುಚ್ಚಳದ ಕೆಳಗಿನ ಗಾಳಿಯನ್ನೇ ಹೊರತು ಮಾಂಸ ಕೂತಿರುವ ಜಾಗವನ್ನಲ್ಲ. ಆ ದಿನದಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತಣ್ಣಗಿನ ಯಂತ್ರ ಹೇಳಿದ್ದು

ಬೆಂಕಿ ಹೊತ್ತಿಸದೆ ಮಾಡುವ ಪರೀಕ್ಷೆಯೊಂದಿದೆ. ಇಡೀ ಪ್ರಕರಣದಲ್ಲಿ ನನಗೆ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ರಾತ್ರಿಯಿಡೀ ಆರಿದ ಯಂತ್ರವನ್ನು ಮುಂಜಾನೆ ಬಿಸಿಲು ಬೀಳುವ ಮೊದಲು ನೋಡಬೇಕು. ಆಗ ಗೋಡೆ, ತಗಡು, ಗಾಳಿ, ಸೆನ್ಸರ್ ಎಲ್ಲವೂ ಒಂದೇ ಉಷ್ಣತೆಯಲ್ಲಿರುತ್ತವೆ. ಎಲ್ಲಿ ಅಳೆದರೂ ಒಂದೇ. ಜಾಗದ ವ್ಯತ್ಯಾಸ, ಮಸಿ, ಗಾಳಿಯ ಸುಳಿ ಯಾವುದೂ ಆಗ ನೆಪವಾಗಲಾರದು. ಆಗಲೂ ಅಂಕೆ ತಪ್ಪಿದ್ದರೆ ದೋಷ ಸೆನ್ಸರ್, ತಂತಿ, ಕಂಟ್ರೋಲರ್ ಈ ಮೂರರಲ್ಲೇ ಇರಬೇಕು.

ಮಂಜುಗಡ್ಡೆಯಲ್ಲಿ ಪಾಸಾದ ಥರ್ಮಾಮೀಟರ್ 48 ಎಂದಿತು. ಬೆಂಕಿ ಹೊತ್ತಿಸದೆ ಚಾಲೂ ಮಾಡಿದ ಕಂಟ್ರೋಲರ್ 58 ಎಂದಿತು.

ಹತ್ತು ಡಿಗ್ರಿ. ಅವನ 22 ಡಿಗ್ರಿಯಲ್ಲಿ ಸುಮಾರು ಅರ್ಧ ಇಲ್ಲಿ ಸಿಕ್ಕಿತು. ಈ ಬಗೆಯ ಸೆನ್ಸರಿನ ತುದಿಯಲ್ಲಿ ಪ್ಲಾಟಿನಂ ಇರುತ್ತದೆ. ಬಿಸಿಯಾದಂತೆ ಅದರ ವಿದ್ಯುತ್ ರೋಧ ಏರುತ್ತದೆ. ಗೆಳೆಯನದು ಪಿಟಿ1000 ಬಗೆಯದು. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 1,000 ಓಮ್, 100ರಲ್ಲಿ 1,385 ಓಮ್. ಸರಾಸರಿ ಡಿಗ್ರಿಗೆ 3.85 ಓಮ್. ಕಂಟ್ರೋಲರ್ ಅಳೆಯುವುದು ಓಮ್ ಅನ್ನು, ತೋರಿಸುವುದು ಡಿಗ್ರಿಯನ್ನು. ದಾರಿಯಲ್ಲಿ ಎಲ್ಲಿ ಹೆಚ್ಚುವರಿ ರೋಧ ಸೇರಿದರೂ ಅದು ಬಿಸಿಯೆಂದೇ ಲೆಕ್ಕವಾಗುತ್ತದೆ. ಕಾರ್ಖಾನೆಗಳಲ್ಲಿ ತಂತಿಯ ರೋಧವನ್ನು ಕಳೆದುಹಾಕಲು ಮೂರು ಅಥವಾ ನಾಲ್ಕು ತಂತಿ ಎಳೆಯುತ್ತೇವೆ. ಹಿತ್ತಲ ಸ್ಮೋಕರಿನಲ್ಲಿ ಎರಡೇ ತಂತಿ.

ಪ್ಲಗ್ ಕಿತ್ತು ವಿದ್ಯುತ್ ತಪ್ಪಿಸಿ, ಡಬ್ಬಿಯ ಕೆಳಗಿನ ತಗಡು ಬಿಚ್ಚಿದೆವು. ಪೆಲೆಟ್ ಹೊಟ್ಟಿನ ನಡುವೆ ಸೆನ್ಸರಿನ ತಂತಿ ಹಾದುಹೋಗಿತ್ತು. ಅರ್ಧ ದಾರಿಯಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಗಂಟು. ಹಿಂದಿನ ಯಜಮಾನರು ಎಂದೋ ತಂತಿ ತುಂಡಾದಾಗ ಎರಡು ತುದಿಗಳನ್ನು ಕೈಯಲ್ಲೇ ಹೊಸೆದು ಟೇಪ್ ಸುತ್ತಿದ್ದರು. ಟೇಪಿನ ಅಂಟು ಬಿಸಿಗೆ ಕರಗಿ ಜಾರಿತ್ತು. ಬಿಚ್ಚಿದರೆ ಒಳಗೆ ತಾಮ್ರದ ಎಳೆಗಳು ಕಪ್ಪಾಗಿ, ಬುಡದಲ್ಲಿ ಹಸಿರು ಕಿಲುಬು ಹಿಡಿದಿದ್ದವು.

ಮಲ್ಟಿಮೀಟರ್ ಹಿಡಿದು ನೋಡಿದಾಗ ಗಂಟಿನ ಆಚೆ, ಸೆನ್ಸರಿನ ಬದಿಯಲ್ಲಿ 1,035 ಓಮ್. ಅಂದಿನ 48 ಫ್ಯಾರನ್‌ಹೀಟಿಗೆ, ಅಂದರೆ ಸುಮಾರು 9 ಸೆಲ್ಸಿಯಸ್‌ಗೆ, ಇರಬೇಕಾದ್ದು ಅಷ್ಟೇ. ಗಂಟಿನ ಈಚೆ, ಕಂಟ್ರೋಲರಿಗೆ ಸೇರುವ ತುದಿಯಲ್ಲಿ 1,056. ನಡುವಿನ 21 ಓಮ್ ಆ ಗಂಟಿನದು. 21 ಓಮ್ ಎಂದರೆ ಸುಮಾರು ಐದೂವರೆ ಸೆಲ್ಸಿಯಸ್, ಹತ್ತು ಫ್ಯಾರನ್‌ಹೀಟ್. ಕಂಟ್ರೋಲರಿನದು ತಪ್ಪೇನೂ ಇರಲಿಲ್ಲ. (ಇದೇ 21 ಓಮ್, 0 ಡಿಗ್ರಿಯಲ್ಲಿ 100 ಓಮ್ ಮಾತ್ರ ಇರುವ ಪಿಟಿ100 ಸೆನ್ಸರಿನಲ್ಲಿ ಸೇರಿದ್ದರೆ ಅಂಕೆ 50 ಸೆಲ್ಸಿಯಸ್‌ಗಿಂತ ಹೆಚ್ಚು ಹಾರಿ, ಎಂದೋ ಸಿಕ್ಕಿಬೀಳುತ್ತಿತ್ತು. ಥರ್ಮೋಕಪಲ್ ಎಂಬ ಬೇರೆ ಬಗೆಯ ಸೆನ್ಸರ್ ಇರುವ ಯಂತ್ರಗಳಿಗೆ ಈ ಓಮ್ ಲೆಕ್ಕ ಹೊಂದುವುದಿಲ್ಲ; ಬಿಚ್ಚುವ ಮೊದಲು ತಮ್ಮಲ್ಲಿರುವುದು ಯಾವ ಬಗೆಯದೆಂದು ನೋಡಿಕೊಳ್ಳಬೇಕು.)

"ಮೆನುವಿನಲ್ಲಿ ಹತ್ತು ಕಳೆದರೆ ಆಯಿತಲ್ಲ, ತಂತಿ ಯಾಕೆ ಬದಲಿಸಬೇಕು?" ಎಂದ ಗೆಳೆಯ. ಈ ಆಸೆ ಬಹಳ ಜನರದ್ದು, ಮತ್ತು ತಿದ್ದುಪಡಿಯ ಸೌಲಭ್ಯ ಎಷ್ಟೋ ಕಂಟ್ರೋಲರುಗಳಲ್ಲಿ ಇದೆ. ಆದರೆ ಕಿಲುಬಿನ ರೋಧ ಸ್ಥಿರವಲ್ಲ. ಬಿಸಿಗೆ, ತೇವಕ್ಕೆ, ತಿರುಪಿನ ಮೋಟಾರಿನ ಅದುರಿಗೆ ಅದು ಬದಲಾಗುತ್ತಲೇ ಇರುತ್ತದೆ. ಇವತ್ತು 21, ಬರುವ ತಿಂಗಳು 40, ಒಂದು ದಿನ ಪೂರ್ತಿ ಕಳಚಿಕೊಂಡು ಯಂತ್ರವೇ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ: ಗಂಟು ಸಿಗದಿದ್ದರೆ ಅವನು ಕಳೆಯುತ್ತಿದ್ದದ್ದು ಹತ್ತಲ್ಲ, ಜಾಲರಿಯ ನಡುವಿನ ಅಂಕೆಗೆ ಹೊಂದಿಸಿ 22. ಅದರಲ್ಲಿ ಹನ್ನೆರಡು ಸೆನ್ಸರಿನದೇ ಅಲ್ಲ. ತಿದ್ದುಪಡಿ ಎಂಬುದು ಕಾರಣ ಗೊತ್ತಾದ ಮೇಲೆ, ಉಳಿದ ಸಣ್ಣ ವ್ಯತ್ಯಾಸಕ್ಕೆ ಹಾಕುವಂಥದ್ದು. ಮೊದಲೇ ಹಾಕಿದರೆ ಅದು ದೋಷದ ಗುರುತನ್ನೇ ಅಳಿಸುತ್ತದೆ. ಇಡೀ ತಂತಿಯೊಡನೆ ಬರುವ ಹೊಸ ಸೆನ್ಸರ್ ತರಿಸಿಕೊಂಡ; ಹೊಸ ಕಂಟ್ರೋಲರಿನ ಬೆಲೆಯ ಮುಂದೆ ಅದು ಚಿಲ್ಲರೆ.

ಉಳಿದ ಹನ್ನೆರಡು

ಹೊಸ ಸೆನ್ಸರ್ ಬರುವ ಮೊದಲು, ಹಳೆಯದು ಇದ್ದಾಗಲೇ, ಬಿಸಿ ಯಂತ್ರವನ್ನೂ ಅಳೆದಿಟ್ಟೆವು. ನಾಲ್ಕು ಪ್ರೋಬಿನ ನನ್ನ ಥರ್ಮಾಮೀಟರನ್ನು ಅದೇ ಮಂಜುಗಡ್ಡೆಯಲ್ಲಿ ನೋಡಿಕೊಂಡು, ಒಂದನ್ನು ಸೆನ್ಸರಿನ ಪಕ್ಕದಲ್ಲಿ, ಒಂದನ್ನು ಜಾಲರಿಯ ನಡುವೆ, ಒಂದನ್ನು ಬಲತುದಿಯಲ್ಲಿ ಕಟ್ಟಿದೆವು. ಒಳಗೆ ಮಾಂಸ ಇರಲಿಲ್ಲ. ಫ್ರಿಜ್ಜಿನಿಂದ ಬಂದ ಮಾಂಸ ತನ್ನ ಸುತ್ತಲಿನ ಗಾಳಿಯನ್ನು ಗಂಟೆಗಟ್ಟಲೆ ತಣ್ಣಗಿಡುತ್ತದೆ. ಅದರ ಪಕ್ಕದಲ್ಲಿ ಪ್ರೋಬ್ ಇಟ್ಟು ಯಂತ್ರವನ್ನು ಬೈಯುವುದು ನ್ಯಾಯವಲ್ಲ. 225ಕ್ಕೆ ಇಟ್ಟು, ಮುಕ್ಕಾಲು ಗಂಟೆ ಮುಚ್ಚಳ ತೆರೆಯದೆ ಬಿಟ್ಟು, ಆಮೇಲಿನ ಅರ್ಧ ಗಂಟೆಯ ಸರಾಸರಿ ತೆಗೆದೆವು. ಪೆಲೆಟ್ ಬೀಳುವುದು ಕಂತಿನಲ್ಲಿ, ಹಾಗಾಗಿ ಉಷ್ಣತೆ ಅಲೆಯಂತೆ ಏರಿಳಿಯುತ್ತದೆ. ಒಂದು ಕ್ಷಣದ ಅಂಕೆಗೆ ಬೆಲೆಯಿಲ್ಲ.

ಸೆನ್ಸರಿನ ಪಕ್ಕ 215, ನಡುವೆ 203, ಬಲತುದಿಯಲ್ಲಿ 191. ಪಕ್ಕದ 215ಕ್ಕೂ ಪರದೆಯ 225ಕ್ಕೂ ನಡುವಿನ ಹತ್ತು ತಂತಿಯ ಗಂಟಿನದು. ಮುಂಜಾನೆ ತಣ್ಣಗೆ ಕಂಡದ್ದೇ ಬಿಸಿಯಲ್ಲೂ ಕಂಡಿತು. ಅಲ್ಲಿಂದ ಬಲಕ್ಕೆ ಆಗುತ್ತಿದ್ದ ಇಳಿತ ಅಳತೆಯ ತಪ್ಪಲ್ಲ, ಬಿಸಿ ನಿಜವಾಗಿಯೂ ಹಾಗೆಯೇ ಹರಡಿತ್ತು. ಜಾಲರಿ, ತಟ್ಟೆ ಎತ್ತಿದರೆ ಕಾರಣ ಕಣ್ಣೆದುರು: ಜ್ವಾಲೆ ತಡೆಯುವ ತಗಡಿನ ಒಂದು ಕಿವಿ ತನ್ನ ಸೀಳಿನಲ್ಲಿ ಕೂತಿರಲಿಲ್ಲ. ಬೂದಿ ತೆಗೆಯಲು ಎತ್ತಿದಾಗ ಯಾವಾಗಲೋ ಸರಿದು ಹಾಗೆಯೇ ಉಳಿದಿತ್ತು. ಎಡಬದಿಯಲ್ಲಿ ಎರಡು ಬೆರಳು ಹೋಗುವಷ್ಟು ಸಂದಿ. ಬಿಸಿಗಾಳಿ ಅಲ್ಲಿಂದ ನೇರ ಮೇಲೆದ್ದು ಸೆನ್ಸರಿಗೆ ಬಡಿಯುತ್ತಿತ್ತು. ಸೆನ್ಸರ್ ತನ್ನ ಜಾಗಕ್ಕೆ ತೃಪ್ತವಾಗಿ ಬೆಂಕಿ ತಗ್ಗಿಸುತ್ತಿತ್ತು, ಬಲತುದಿಯ ಕೋಳಿ ಕಾಲು ಹಸಿಯಾಗಿ ಉಳಿಯುತ್ತಿತ್ತು.

ಇದನ್ನು ಕಣ್ಣಿಗೆ ಕಾಣಿಸಲು ಬಿಳಿ ಬ್ರೆಡ್ಡು ಸಾಕು. ತಗಡು ಸರಿಪಡಿಸುವ ಮೊದಲೊಮ್ಮೆ ಯಂತ್ರವನ್ನು 350ಕ್ಕೆ ಏರಿಸಿ, ಜಾಲರಿಯ ತುಂಬ ಬ್ರೆಡ್ ಚೂರುಗಳನ್ನು ಹಾಸಿ, ಎಡಸಾಲು ಕೆಂಪಾದಾಗ ಎಲ್ಲವನ್ನೂ ತಿರುಗಿಸಿದೆವು. ಎಡಗಡೆಯವುಗಳ ತಳ ಕಾಫಿಪುಡಿಯ ಬಣ್ಣ, ನಡುವಿನವು ಹೊಂಬಣ್ಣ, ಬಲತುದಿಯ ಎರಡು ಚೂರುಗಳಲ್ಲಿ ಜಾಲರಿಯ ಗೆರೆ ಬಿಟ್ಟರೆ ಬಣ್ಣವೇ ಇಲ್ಲ. ತಗಡನ್ನು ಸೀಳಿಗೆ ಕೂರಿಸಿ ಮತ್ತೆ ಹಾಸಿದಾಗ ಹಿಂದಿನ ಸಾಲು ಮಾತ್ರ ತುಸು ಕೆಂಪು, ಉಳಿದದ್ದು ಹೆಚ್ಚುಕಡಿಮೆ ಸಮ.

ಮಸಿಯ ವಿಷಯ ಬೇರೆಯೇ. ಹಳೆಯ ಸೆನ್ಸರಿನ ಮೇಲೆ ಜಿಡ್ಡು ಮತ್ತು ಹೊಗೆ ಸೇರಿ ಗಟ್ಟಿಯಾದ ಪದರವಿತ್ತು. ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತಿತ್ತು. ಮಸಿ ಹಿಡಿದರೆ ಅಂಕೆ ತಪ್ಪುತ್ತದೆ ಎಂಬ ಮಾತು ಸಾಮಾನ್ಯ. ಅದು ಪೂರ್ತಿ ಸರಿಯಲ್ಲ. ಪದರ ಮುಖ್ಯವಾಗಿ ತರುವುದು ತಡವನ್ನು. ಪರದೆ 219ರಿಂದ 230ರ ನಡುವೆ ಸಮಾಧಾನದಿಂದ ಓಡಾಡುತ್ತಿದ್ದ ಆ ಅರ್ಧ ಗಂಟೆಯಲ್ಲಿ ಪಕ್ಕದ ಪ್ರೋಬ್ 198ರಿಂದ 234ರವರೆಗೆ ಹತ್ತಿಳಿಯುತ್ತಿತ್ತು. ಬಿಸಿ ಏರಿದ್ದು ಸೆನ್ಸರಿಗೆ ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಹೆಚ್ಚು ಪೆಲೆಟ್ ಬಿದ್ದಾಗಿರುತ್ತದೆ. ಇಳಿದದ್ದೂ ತಡವಾಗಿ ತಿಳಿಯುತ್ತದೆ. ಸರಾಸರಿ ಅಷ್ಟೇನೂ ಕದಲದಿದ್ದರೂ ಅಲೆ ದೊಡ್ಡದಾಗುತ್ತದೆ. ಹೊಸ, ಶುಭ್ರವಾದ ಸೆನ್ಸರ್ ಹಾಕಿದ ಮೇಲೆ ಪರದೆಯ ಅಂಕೆ ಮೊದಲಿಗಿಂತ ಹೆಚ್ಚು ಕುಣಿಯತೊಡಗಿತು. "ಇದು ಹಳೆಯದಕ್ಕಿಂತ ಕೆಟ್ಟದಾಯಿತಲ್ಲ!" ಎಂದು ಗೆಳೆಯ ಗಾಬರಿಯಾದ. ಪಕ್ಕದ ಪ್ರೋಬ್ ತೋರಿಸಿದೆ: ಅಲ್ಲಿ ಈಗ ಅಲೆ 214ರಿಂದ 235ರ ನಡುವೆ. ಪರದೆಯ ಏರಿಳಿತ ಹೆಚ್ಚಿದ್ದು, ಅದು ಒಳಗೆ ನಡೆಯುವುದನ್ನು ಈಗ ಇದ್ದಂತೆ ಹೇಳುತ್ತಿರುವುದರಿಂದ. ತಿಂಗಳಿಗೊಮ್ಮೆ ತಣ್ಣಗಿದ್ದಾಗ ಒರಟು ಬಟ್ಟೆಯಲ್ಲಿ ಆ ಕಡ್ಡಿಯನ್ನು ಒರೆಸಿದರೆ ಸಾಕು. ಉಜ್ಜಿ ಹೊಳಪು ತರುವ ಅಗತ್ಯವಿಲ್ಲ.

ನೆರೆಯವರೊಬ್ಬರು ಇದಕ್ಕೆಲ್ಲ ಕೊಲರಾಡೋದ ತೆಳುಗಾಳಿಯೇ ಕಾರಣ ಎಂದು ಮೊದಲಿನಿಂದ ಹೇಳುತ್ತಿದ್ದರು. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಬೆಂಕಿ ತುಸು ಮಂದ ಎಂಬುದು ನಿಜ. ಆದರೆ ಮಂದ ಬೆಂಕಿಯನ್ನು ಕಂಟ್ರೋಲರ್ ಹೆಚ್ಚು ಪೆಲೆಟ್ ಹಾಕಿ ಸರಿದೂಗಿಸುತ್ತದೆ. ಎತ್ತರ ಈ ಪ್ರಕರಣದಲ್ಲಿ ಕೈಯಾಡಿಸಿದ್ದು ಕುದಿನೀರಿನ ಪಾತ್ರೆಯಲ್ಲಿ.

ಎಲ್ಲ ಮುಗಿದ ಮೇಲೆ ಅದೇ ಕ್ರಮದಲ್ಲಿ ಮತ್ತೆ ಅಳೆದಾಗ ಸೆನ್ಸರಿನ ಪಕ್ಕ 224, ನಡುವೆ 222, ಬಲತುದಿಯಲ್ಲಿ 217. ಆ ಏಳು ಡಿಗ್ರಿಯ ಬೆನ್ನು ಹತ್ತಬೇಡ ಎಂದೆ. ಗಂಟೆಗಟ್ಟಲೆ ಬೇಯುವ ಮಾಂಸಕ್ಕೆ ಅದು ಗೊತ್ತೇ ಆಗುವುದಿಲ್ಲ. ಬಾಗಿಲ ಸಂದಿ, ಹೊಗೆಗೊಳವೆ, ಅಂದಿನ ಗಾಳಿ ಎಲ್ಲ ಸೇರಿ ಅಷ್ಟು ವ್ಯತ್ಯಾಸ ಎಲ್ಲ ಯಂತ್ರದಲ್ಲೂ ಇರುತ್ತದೆ. ಕೋಳಿ ಕಾಲುಗಳನ್ನು ನಡುವೆ ಒಮ್ಮೆ ಅದಲುಬದಲು ಮಾಡಿದರೆ ಆಯಿತು.

ಹಂದಿ ಮಾಂಸಕ್ಕೆ ಮಾತ್ರ ಇನ್ನೊಂದು ಬದಲಾವಣೆ ಬೇಕಾಯಿತು. ಪಾಕವಿಧಾನದ 203 ಸಮುದ್ರಮಟ್ಟದಲ್ಲಿ ಕೂತವರು ಬರೆದದ್ದು; ಅರೋರಾದಲ್ಲಿ ಅದಕ್ಕೆ ಕಾದು ಕೂತರೆ ಮಾಂಸದ ರಸ ಆವಿಯಾಗುತ್ತದೆಯೇ ಹೊರತು ಅಂಕೆ ಬರುವುದಿಲ್ಲ. ಈಗ ಅವನು 195 ದಾಟಿದ ಮೇಲೆ ಅಂಕೆ ನೋಡುವುದನ್ನು ಬಿಟ್ಟು ಪ್ರೋಬನ್ನೇ ಅಲ್ಲಲ್ಲಿ ಚುಚ್ಚುತ್ತಾನೆ, ತಡೆಯಿಲ್ಲದೆ ಒಳಗೆ ಇಳಿದರೆ ಇಳಿಸುತ್ತಾನೆ. ಮೊದಲ ಸಲ ಹಾಗೆ ಇಳಿಸಿದ್ದು 197ಕ್ಕೆ. ಮೂಳೆ ಕೈಯಲ್ಲೇ ಬಂತು, ಅವನ ಹೆಂಡತಿ ಬಿಡಿಸಿದ ಎಳೆಗಳ ಮೇಲೆ ಊರಿನಿಂದ ತಂದಿಟ್ಟಿದ್ದ ಕಾಚಂಪುಳಿ ಎಂಬ ಕೊಡಗಿನ ಹುಳಿರಸ ಚಿಮುಕಿಸಿದರು.